ನಮ್ಮೆಲ್ಲರ ದಾಖಲೆ ಒಂದೇ ಕಂಪ್ಯೂಟರ್‌ಗೆ ಹೋಗುತ್ತದೆಯೇ? ಲಾಗ್‌ಗಳ ವಿಂಗಡಣೆ ನಡೆಯುವುದು ಹೀಗೆ

“ನಾಳೆಯಿಂದ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ, ನಿಮ್ಮ ಮೊಬೈಲ್ ಸಚಿವಾಲಯದ ವ್ಯವಸ್ಥೆಗೆ ಜೋಡಣೆಯಾಗುತ್ತದೆ” ಎಂಬ ಫಾರ್ವರ್ಡ್ ವರ್ಷಗಳಿಂದ ವಾಟ್ಸ್‌ಆಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು ಎಂದು ಪಿಐಬಿ ಫ್ಯಾಕ್ಟ್‌ಚೆಕ್ ಸ್ಪಷ್ಟಪಡಿಸಿದೆ. ಹಾಗಾದರೆ ನಾವು ಆನ್‌ಲೈನ್‌ನಲ್ಲಿ ಮಾಡಿದ್ದಕ್ಕೆ ದಾಖಲೆಯೇ ಇರುವುದಿಲ್ಲವೇ? ಇರುತ್ತದೆ. ಅದನ್ನು ಲಾಗ್ ಎನ್ನುತ್ತಾರೆ.

ಲಾಗ್ ಎಂದರೇನು?

ನೀವು ಯಾವುದೋ ಆಪ್‌ಗೆ ಲಾಗಿನ್ ಆದಾಗ ಅಲ್ಲಿನ ಸರ್ವರ್ ಒಂದು ಸಾಲು ಬರೆದಿಡುತ್ತದೆ: ಸಮಯ, ಸರ್ವರ್‌ನ ಹೆಸರು, ನಡೆದದ್ದೇನು. ಈ ಹೆಸರೇ ಹೋಸ್ಟ್‌ನೇಮ್. ಇದಕ್ಕೆ ಬಳಕೆಯಲ್ಲಿರುವ ‘ಸಿಸ್‌ಲಾಗ್’ ಪದ್ಧತಿಯನ್ನು 1980ರ ದಶಕದಲ್ಲಿ ಎರಿಕ್ ಆಲ್‌ಮನ್ ರೂಪಿಸಿದರು.

ವಿಂಗಡಣೆ ಹೇಗೆ?

ಪಿನ್‌ಕೋಡ್ 56ರಿಂದ 59ರೊಳಗಿನ ಅಂಕಿಯಿಂದ ಶುರುವಾದರೆ ಆ ಪತ್ರ ಕರ್ನಾಟಕದ್ದು. ವಿಳಾಸ ಪೂರ್ತಿ ಓದಬೇಕಿಲ್ಲ. ‘ಆರ್‌ಸಿಸ್‌ಲಾಗ್’ನಂತಹ ತಂತ್ರಾಂಶಗಳೂ ಹೀಗೆಯೇ ಹೆಸರಿನ ಮಾದರಿ ನೋಡುತ್ತವೆ. ‘ವೆಬ್’ ಎಂದು ಶುರುವಾಗುವ ಯಂತ್ರಗಳ ಲಾಗ್ ಒಂದು ಸರ್ವರ್‌ಗೆ, ‘ಡಿಬಿ’ ಎಂದು ಶುರುವಾಗುವವು ಇನ್ನೊಂದಕ್ಕೆ.

ಎಡವುವುದೆಲ್ಲಿ?

• ‘ವೆಬ್ ಎಂದು ಶುರುವಾದರೆ’ ಎನ್ನುವ ಬದಲು ‘ವೆಬ್ ಎಂದು ಇದ್ದರೆ’ ಎಂದು ಬರೆದರೆ, ‘ಟೆಸ್ಟ್‌ವೆಬ್’ ಎಂಬ ಪ್ರಯೋಗದ ಯಂತ್ರದ ಲಾಗ್ ಕೂಡ ಅಸಲಿಯೊಂದಿಗೆ ಬೆರೆಯುತ್ತದೆ.

• ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆ. ಕಳಿಸಿದ ಮೇಲೆ ‘ಇಲ್ಲಿಗೆ ನಿಲ್ಲಿಸು’ ಎಂದು ಬರೆಯದಿದ್ದರೆ ಅದೇ ಸಾಲು ಮುಂದಿನ ನಿಯಮಗಳ ಪ್ರಕಾರ ಬೇರೆಡೆಗೂ ಹೋಗಬಹುದು.

• ಹೋಸ್ಟ್‌ನೇಮ್ ಬರೆಯುವುದು ಕಳಿಸುವ ಯಂತ್ರವೇ. ಅದು ಸುಳ್ಳು ಹೆಸರನ್ನೂ ಹೇಳಬಹುದು. ಆದ್ದರಿಂದ ಹೆಸರಿನ ಜೊತೆ, ಸಂದೇಶ ಬಂದ ಐಪಿ ವಿಳಾಸವನ್ನೂ ತಾಳೆ ನೋಡಬೇಕು.

ನಮಗೇನು ಸಂಬಂಧ?

ಖಾತೆಯಿಂದ ಹಣ ಮಾಯವಾದಾಗ ಯಾರು, ಯಾವಾಗ, ಎಲ್ಲಿಂದ ಲಾಗಿನ್ ಆದರು ಎಂಬುದಕ್ಕೆ ಲಾಗ್ ಮುಖ್ಯ ಸಾಕ್ಷಿ. ಅದು ತಪ್ಪು ಸರ್ವರ್ ಸೇರಿದ್ದರೆ ಹುಡುಕುವುದರಲ್ಲೇ ಹೊತ್ತು ಕಳೆಯುತ್ತದೆ. ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿದೆ. ಅಂದರೆ ಈ ಸಾಕ್ಷಿ ಎಂದೆಂದಿಗೂ ಇರುತ್ತದೆ ಎಂದುಕೊಳ್ಳುವಂತಿಲ್ಲ. ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ

ಎಲ್ಲರ ದಾಖಲೆ ಒಂದೇ ಕಡೆ ರಾಶಿ ಬೀಳುವುದಿಲ್ಲ. ಪ್ರತಿ ಸಂಸ್ಥೆ ತನ್ನ ಲಾಗ್‌ಗಳನ್ನು ತಾನೇ ವಿಂಗಡಿಸಿ ಇಡುತ್ತದೆ. ಆ ಹಳೆಯ ಫಾರ್ವರ್ಡ್ ಮತ್ತೆ ಬಂದರೆ ಮುಂದೆ ಕಳಿಸಬೇಡಿ. ಬೇಕಿದ್ದರೆ 1930 ಸಂಖ್ಯೆಯನ್ನು ಕಳಿಸಿ.