ಮೇಯುವುದಕ್ಕೆ ಕಾಲು ಬೇಕು

ಮಂಡ್ಯ, ಮದ್ದೂರು, ಮಳವಳ್ಳಿಯ ಸುತ್ತಿನಲ್ಲಿ ಈಚೆಗೆ ಗೊಂತಿಗೆ ಕಟ್ಟಿದ ಸೀಮೆಹಸು ಕಬ್ಬಿನ ಸೋಗೆ ಅಗಿಯುತ್ತಿದ್ದರೂ ‘ಹಸ ಮೇಯ್ತಾ ಅದೆ’ ಎನ್ನುವುದು ಕೇಳಿಬರುತ್ತಿದ್ದು, ಇದರಿಂದ ‘ಮೇಯು’ ಎಂಬ ಧಾತುವಿಗೆ, ಅಂದರೆ ಕ್ರಿಯಾಪದದ ಮೂಲರೂಪಕ್ಕೆ, ಅನ್ಯಾಯವಾಗುತ್ತಿದೆ. ಕಟ್ಟಿದ ಹಸು ಮೇವು ತಿನ್ನುತ್ತದೆ. ಬಿಟ್ಟ ಹಸು ಮಾತ್ರ ಮೇಯುತ್ತದೆ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಗಿಡ್ಡಕಾಲಿನ ಕುರಿಯನ್ನು ಬದುವಿನ ಮೇಲೆ ಕಂಡವರಿಗೆ ಇದು ತಿಳಿದದ್ದೇ: ಅದು ತಲೆ ತಗ್ಗಿಸಿ, ತುಟಿಯಿಂದ ಗರಿಕೆಯನ್ನು ತಡಕಿ, ಕಚ್ಚಿ ಸೆಳೆದು, ಬಾಯೊಳಗಿನದು ಮುಗಿಯುವ ಮೊದಲೇ ಮುಂಗಾಲನ್ನು ಮುಂದಿನ ಹುಲ್ಲಿನ ಕಡೆಗೆ ಇಟ್ಟಿರುತ್ತದೆ. ಬಾಯಿಯೂ ಕಾಲೂ ಕೂಡಿ ಮಾಡುವ ಕೆಲಸಕ್ಕೆ ಮೇಯುವುದೆಂದು ಹೆಸರು.

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ಕಾಯುವವನೇ ಕಳ್ಳನಾದಾಗ ಎಲ್ಲರೂ ನೆನೆಯುತ್ತಾರಾದರೂ, ಈಗಿನ ಮಾತಿನಲ್ಲಿ ಅದರ ‘ಎದ್ದು’ ಜಾರಿಹೋಗಿ ‘ಬೇಲಿಯೇ ಹೊಲ ಮೇಯ್ದರೆ’ ಎಂದಷ್ಟೇ ಉಳಿಯುತ್ತಿರುವುದು ನೋವಿನ ಸಂಗತಿ. ‘ಎದ್ದು’ ಎಂಬುದು ಕೃದಂತಾವ್ಯಯ, ಅಂದರೆ ತಾನು ಮುಗಿದು ಮುಂದಿನ ಕ್ರಿಯೆಗೆ ದಾರಿ ಬಿಡುವ ರೂಪ. ನೆಟ್ಟಲ್ಲೇ ನಿಂತ ಬೇಲಿ ಹೊಲವನ್ನು ನುಂಗಬಹುದಿತ್ತು, ಮುಚ್ಚಬಹುದಿತ್ತು. ಮೇಯಬೇಕಾದರೆ ಅದಕ್ಕೆ ಕಾಲು ಬೇಕಾದ್ದರಿಂದ ಗಾದೆ ಮೊದಲು ಅದನ್ನು ಎಬ್ಬಿಸಿ ನಡೆಸಿದೆ. ಕರ್ಮಪದ, ಎಂದರೆ ಕ್ರಿಯೆಯ ಫಲ ತಾಗುವ ಪದ, ಇಲ್ಲಿ ಹುಲ್ಲಲ್ಲ, ಹೊಲ. ದನ ಹೊಲ ತಿಂದಿತು ಎಂದು ಯಾರೂ ಹೇಳುವುದಿಲ್ಲ, ಹೊಲ ಮೇಯ್ದಿತು ಎಂದು ಎಲ್ಲರೂ ಹೇಳುತ್ತಾರೆ. ತುಳಿದ ನೆಲವೇ ತುತ್ತಾಗುವುದು ಈ ಧಾತುವಿನಲ್ಲಿ ಮಾತ್ರ.

ಈ ಧಾತು ಯಾರದೆಂಬುದು ಇನ್ನೊಂದು ಭಾಷೆಯ ಪಕ್ಕದಲ್ಲಿಟ್ಟರೆ ತಿಳಿಯುತ್ತದೆ. ಜೆಕ್ ಭಾಷೆಯಲ್ಲಿ ‘ಪಾಸ್ತ್’ ಎಂದರೆ ಕುರುಬ ಮೇಯಿಸುವುದು. ಕುರಿ ತಾನೇ ಮೇಯುವುದನ್ನು ಹೇಳಲು ‘ತನ್ನನ್ನು’ ಎಂಬರ್ಥದ ‘ಸೆ’ ಸೇರಿಸಬೇಕು. ಕನ್ನಡದಲ್ಲಿ ಇದು ತಲೆಕೆಳಗು: ಮೂಲಧಾತು ಪ್ರಾಣಿಯದು, ಮನುಷ್ಯನ ಪಾಲಿಗೆ ಬಂದದ್ದು ‘ಇಸು’ ಪ್ರತ್ಯಯ ಹತ್ತಿದ ಪ್ರೇರಣಾರ್ಥಕ, ಅಂದರೆ ಮತ್ತೊಬ್ಬರಿಂದ ಮಾಡಿಸುವ ರೂಪ. ದನದ ಹಿಂದೆ ನಡೆದವರ ಬಾಯಲ್ಲಿ, ದನವನ್ನೇ ಕರ್ತೃವಾಗಿ ಕಂಡವರ ಬಾಯಲ್ಲಿ, ಈ ಮಾತು ಹುಟ್ಟಿತೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಓದದ ಹುಡುಗನಿಗೆ ‘ದನ ಮೇಸೋಕೋಗು’ ಎಂದು ಬೈಯುವವರು, ಹಸುವಿನ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸುವ ಆ ವಿದ್ಯೆಯನ್ನೇ ಹೀಗಳೆಯುತ್ತಾರೆ.

ಕೃಷ್ಣರಾಜಸಾಗರದ ನಾಲೆ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿ ಬಯಲು ಕಬ್ಬಿನ ಗದ್ದೆಯಾಯಿತು. ಗೆಜ್ಜಲಗೆರೆಯ ಡೇರಿಗೆ ಹಾಲೆರೆಯುವ ಹಸು ಕೊಟ್ಟಿಗೆಯಲ್ಲೇ ನಿಂತಿತು. ಅದರಿಂದ ಮನೆಗಳು ಬದುಕಿವೆ, ಅದು ತಪ್ಪಲ್ಲ. ಆ ಹಸುವಿಗೆ ‘ತಿಂತಾ ಅದೆ’ ಎಂದರೆ ಸಾಕು. ‘ಮೇಯು’ ಬದುವಿನ ಮೇಲಿನ ಕುರಿಗೆ ಉಳಿಯಲಿ.