ಬೀಜಕ್ಕೆ ಬಿಟ್ಟ ಕಾಯಿ

ಹೋದ ವರ್ಷ ಯುಗಾದಿಗೆ ಮುಂಚೆ ಅಡಿಗೆಮನೆಯ ಅಟ್ಟವನ್ನು ಶುಚಿಮಾಡುತ್ತಿದ್ದಾಗ ಹಳೆಯ ಭರಣಿಯೊಂದು ಕೈಗೆ ಸಿಕ್ಕಿತು. ಒಳಗೆ ಒಲೆಯ ಬೂದಿ. ಬೂದಿಯೊಳಗೆ ಪಂಚೆಯ ಚೂರಿನಲ್ಲಿ ಕಟ್ಟಿದ ಮೂರು ಪುಟ್ಟ ಗಂಟುಗಳು. ಬಿಚ್ಚಿ ನೋಡಿದರೆ ಬದನೆ, ಹೀರೆ, ಅವರೆಯ ಬೀಜಗಳು. ನಮ್ಮ ತಾಯಿಯವರು ಕಟ್ಟಿಟ್ಟದ್ದು. ಅವರು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

ನಮ್ಮಮ್ಮನ ಹಿತ್ತಿಲಿನಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಬೆಳೆಯಲ್ಲೂ ಎಲ್ಲಕ್ಕಿಂತ ಸೊಗಸಾದ ಕಾಯಿಗೆ ಬಟ್ಟೆಯ ದಾರ ಕಟ್ಟಿಬಿಡುತ್ತಿದ್ದರು. ಅದು ಹಬ್ಬದ ಅಡಿಗೆಗೂ ಇಲ್ಲ, ಬಂದ ನೆಂಟರಿಗೂ ಇಲ್ಲ. ನಾನು ಕೈಹಾಕಿದರೆ, "ಮುಟ್ಟಬೇಡವೋ, ಅದು ಬೀಜಕ್ಕೆ ಬಿಟ್ಟಿರೋದು" ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಒಳ್ಳೆಯದನ್ನು ಉಣ್ಣದೆ ಗಿಡದಲ್ಲೇ ಒಣಗಲು ಬಿಡುವುದು ನನಗೆ ಆಗ ಜಿಪುಣತನವಾಗಿ ಕಂಡಿತ್ತು.

ಮೂರು ಗಂಟಿನ ಬೀಜಗಳನ್ನೂ ಮಡಿಮಾಡಿ ಹಾಕಿದೆ. ಅವರೆ ಹುಳು ತಿಂದು ಟೊಳ್ಳಾಗಿತ್ತು. ಬದನೆ ಒಂದೂ ಮೊಳೆಯಲಿಲ್ಲ. ಹೀರೆಯಲ್ಲಿ ಮಾತ್ರ ಎರಡು ಸಸಿ ತಲೆಯೆತ್ತಿದವು. ಬೀಜಕ್ಕೂ ಆಯುಸ್ಸೆಂಬುದು ಉಂಟು. ಚೆನ್ನಾಗಿ ಒಣಗಿಸಿ ತಂಪಿನಲ್ಲಿಟ್ಟರೂ ಈರುಳ್ಳಿಯ ಬೀಜ ಒಂದೆರಡು ವರ್ಷ, ಬದನೆ ನಾಲ್ಕು ವರ್ಷ, ಸೌತೆಯ ಜಾತಿಯವು ಐದಾರು ವರ್ಷ ಬದುಕಿದರೆ ಹೆಚ್ಚು. ಬೂದಿ ಹುಳುವನ್ನು ತಡೆದೀತು, ಕಾಲವನ್ನು ತಡೆಯಲಾರದು. ನಮ್ಮಮ್ಮನ ಬದನೆಯ ವಂಶ ನನ್ನ ಕೈಯಲ್ಲಿ, ನನಗೆ ತಿಳಿಯದಂತೆಯೇ, ಮುಗಿದಿತ್ತು.

ಆ ಪಶ್ಚಾತ್ತಾಪದಲ್ಲಿ ಹಿತ್ತಿಲಿನ ತರಕಾರಿಗಳ ವಂಶಾವಳಿಯನ್ನು ಓದತೊಡಗಿದೆ. ರಾಜರ ಚರಿತ್ರೆಗೆ ಶಾಸನಗಳುಂಟು. ಬದನೆ ಬೀಜಕ್ಕೆ ಶಾಸನ ಹಾಕಿಸುವವರು ಯಾರು? ಆದರೂ ಸಿಕ್ಕಷ್ಟರಿಂದಲೇ ಒಂದು ಮಾತು ಸ್ಪಷ್ಟವಾಯಿತು. ಇದು ಬೀಜಕ್ಕೆ ಕಾಯಿ ಬಿಟ್ಟವರ ಚರಿತ್ರೆ.

ಅವರೆಯನ್ನೇ ನೋಡಿ. ಬೆಂಗಳೂರಿನವರಿಗೆ ಸೊಗಡವರೆಗಿಂತ ಸ್ವಂತವಾದದ್ದು ಇನ್ನೊಂದಿಲ್ಲ. ಆದರೆ ಅದರ ಕಾಡುಮೂಲ ಇರುವುದು ಆಫ್ರಿಕದಲ್ಲಿ. ಬಳ್ಳಾರಿಯ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಿಕಾದ ಹುರುಳಿ, ಹೆಸರು ಕಾಳುಗಳು ದೊರೆತಿವೆ. ಇವು ಈ ನೆಲದವು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಅವರೆಯೂ ಬಂದು ಈ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತದೆ. ಅಂದಿನಿಂದ ಇಂದಿನವರೆಗೆ ವರ್ಷವರ್ಷವೂ ಯಾರೋ ಒಂದು ಹಿಡಿ ಕಾಳನ್ನು ಬೇಯಿಸದೆ ಎತ್ತಿಟ್ಟಿದ್ದರಿಂದಲೇ ನಮಗೆ ಇಂದು ಹಿತಕಿದವರೆಯ ಸಾರು.

ಎರಡನೆಯ ದೊಡ್ಡ ದಿಬ್ಬಣ ಬಂದದ್ದು 1492ರಲ್ಲಿ ಕೊಲಂಬಸ್ ಅಮೆರಿಕವನ್ನು ಮುಟ್ಟಿದ ಮೇಲೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಸಿಹಿಗುಂಬಳ, ಹುರುಳಿಕಾಯಿ ಇವೆಲ್ಲ ಆ ಖಂಡದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ತಂದರು. ನಮ್ಮ ಜನ ಈ ಪರದೇಶಿಗಳಿಗೆ ಹೊಸ ಹೆಸರು ಹುಡುಕುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. ಮನೆಯ ಹೆಸರನ್ನೇ ಕೊಟ್ಟರು. ಮೆಣಸಿನಂತೆ ಖಾರವಾದದ್ದು ಮೆಣಸಿನಕಾಯಿ. ಕುಂಬಳದಂತೆ ಇದ್ದದ್ದು ಸಿಹಿಗುಂಬಳ. ಅಮೆರಿಕದ ಬೀನ್ಸ್‌ಗೆ ನವಶಿಲಾಯುಗದ ಹುರುಳಿಯ ಹೆಸರೇ ದೊರೆಯಿತು. ದತ್ತು ತೆಗೆದುಕೊಳ್ಳುವುದೆಂದರೆ ಹೀಗೆ.

ಮೂರನೆಯ ದಾರಿ ಲಾಲ್‌ಬಾಗಿನದು. 1760ರಲ್ಲಿ ಹೈದರಾಲಿ ತೊಡಗಿಸಿದ ಈ ತೋಟಕ್ಕೆ ಟಿಪ್ಪು ಹಲವು ದೇಶಗಳ ಸಸ್ಯಗಳನ್ನು ತರಿಸಿದನು. 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಯುದ್ಧದ ನೆರವಿನ ಜೊತೆಗೆ ಬೀಜ, ಗಿಡಗಳನ್ನೂ ಕೇಳಿದ್ದರು. ಮುಂದೆ 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮರನ್ನರ ಕಾಲದಲ್ಲಿ ಬಂದದ್ದು ಸೀಮೆಬದನೆ. ಇದರ ಬೀಜವನ್ನು ಬೂದಿಯಲ್ಲಿ ಕಟ್ಟಿಡುವಂತಿಲ್ಲ. ಕಾಯಿಗೆ ಒಂದೇ ಬೀಜ, ಒಣಗಿಸಿದರೆ ಸಾಯುತ್ತದೆ. ಇಡೀ ಕಾಯನ್ನೇ ನೆಡಬೇಕು. ಮೆಕ್ಸಿಕೊ ಕಡೆಯ ಈ ಕಾಯಿ ನಮ್ಮ ಬಾಯಲ್ಲಿ ಸೀಮೆಯದಾಯಿತು. ನೆರೆಯ ತೆಲುಗರ ಬಾಯಲ್ಲಿ ಅದೇ ಕಾಯಿ "ಬೆಂಗಳೂರು ವಂಕಾಯ" ಎನಿಸಿಕೊಂಡಿತು!

ಈ ಎಲ್ಲ ಕಥೆಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಉತ್ತರದೇಶದ ಹೂಕೋಸಿನದು. 1822ರಲ್ಲಿ ಸಹಾರನಪುರದ ಕಂಪನಿ ತೋಟಕ್ಕೆ ಅದು ಬಂತು. ಚಳಿದೇಶದ ಗಿಡ, ಬಯಲಿನ ಬಿಸಿಲಿಗೆ, ಮಳೆಗೆ ಸೊರಗುತ್ತಿತ್ತು. ಆದರೂ ಅಲ್ಲೊಂದು ಇಲ್ಲೊಂದು ಗಿಡ ಸೆಕೆಯನ್ನು ತಾಳಿಕೊಂಡು ಬೀಜ ಕಟ್ಟಿತು. ಅಲ್ಲಿನ ಬೆಳೆಗಾರರು ಆ ಬೀಜವನ್ನು ಎತ್ತಿಟ್ಟು ಬಿತ್ತಿದರು. ಅದರಲ್ಲಿ ಉಳಿದದ್ದರಿಂದ ಮತ್ತೆ ಎತ್ತಿಟ್ಟರು. ಸುಮಾರು ನೂರು ವರ್ಷ ಹೀಗೆ ನಡೆದು, ಸೆಕೆಗಾಲದಲ್ಲೂ ಹೂ ಕಟ್ಟುವ ಭಾರತೀಯ ಹೂಕೋಸೆಂಬ ಹೊಸ ಬಗೆಯೇ ಹುಟ್ಟಿತು. 1929ರ ವೇಳೆಗೆ ವಿಲಾಯತಿಯ ಬೀಜದಂಗಡಿ ಸಟ್ಟನ್ಸಿನವರು ಪಾಟ್ನಾ, ಬನಾರಸ್ ಎಂಬ ಹೆಸರುಗಳಲ್ಲಿ ಅದರ ಬೀಜವನ್ನು ಮಾರುತ್ತಿದ್ದರು. ಬೆಳೆಗಾರರ ಹೆಸರು ಮಾತ್ರ ಯಾವ ಪೊಟ್ಟಣದ ಮೇಲೂ ಇಲ್ಲ.

ನಮ್ಮಲ್ಲಿ ಅಂಥದೇ ನಿದರ್ಶನ ಉಡುಪಿಯ ಬಳಿಯ ಮಟ್ಟುಗುಳ್ಳ. ವಾದಿರಾಜ ಸ್ವಾಮಿಗಳು ಊರವರಿಗೆ ಬೀಜ ಕೊಟ್ಟರೆಂದು ಪ್ರತೀತಿ. ಪ್ರತೀತಿಯನ್ನು ಇತಿಹಾಸವೆಂದು ಹೇಳಲಾರೆ. ಆದರೆ ಆ ಹಳ್ಳಿಯವರು ತಲೆತಲಾಂತರದಿಂದ ಬೀಜ ಕಾದುಕೊಂಡು ಬಂದರೆಂಬುದು ಕಣ್ಣಿಗೆ ಕಾಣುವ ಸತ್ಯ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು.

ಈ ಸರಪಳಿ ಸಡಿಲಿದ್ದು ಸಂಕರ ಬೀಜ ಬಂದ ಮೇಲೆ. 1965ರಲ್ಲಿ ಬೆಂಗಳೂರಿನಲ್ಲೇ ಮನಮೋಹನ ಅತ್ತಾವರರು ಕಟ್ಟಿದ ಸಂಸ್ಥೆ 1973ರಲ್ಲಿ ಸಂಕರ ಟೊಮೆಟೊ, ದೊಣ್ಣೆಮೆಣಸಿನಕಾಯಿಗಳನ್ನು ಹೊರತಂದಿತು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಸಂಕರ ಬೀಜದಿಂದ ಇಳುವರಿ ಹೆಚ್ಚಿತು, ಪೇಟೆಯ ತರಕಾರಿ ಬುಟ್ಟಿ ತುಂಬಿತು. ಆದರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಈ ಬೀಜದ ಗುಣ ಮುಂದಿನ ಪೀಳಿಗೆಯಲ್ಲಿ ಒಡೆದುಹೋಗುತ್ತದೆ; ಪ್ರತಿ ಸಲವೂ ಹೊಸ ಪೊಟ್ಟಣ ಕೊಳ್ಳಬೇಕು. ಅಂಥ ಗಿಡಕ್ಕೆ ದಾರ ಕಟ್ಟಿ ಪ್ರಯೋಜನವಿಲ್ಲ. ಹಾಗೆಂದು ಪೊಟ್ಟಣದ ಬೀಜವೆಲ್ಲ ಸಂಕರವಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಯಂಥ ತಳಿಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು. ಬೀಜವನ್ನು ಎತ್ತಿಡುವ, ಬಿತ್ತುವ, ಕೊಟ್ಟುಕೊಳ್ಳುವ ರೈತನ ಹಕ್ಕನ್ನು 2001ರ ಕಾಯಿದೆಯೂ ಒಪ್ಪಿದೆ. ಆದರೆ ಕಾಯಿದೆ ಹಕ್ಕನ್ನು ಕೊಟ್ಟೀತೇ ಹೊರತು, ನೆನಪಿಟ್ಟು ಬಿತ್ತುವ ಕೈಯನ್ನು ಕೊಡಲಾರದು. ನಮ್ಮಮ್ಮನ ಬದನೆಯನ್ನು ಕೊಂದದ್ದು ಪೇಟೆಯ ಬೀಜವಲ್ಲ. ಆರು ವರ್ಷ ಅಟ್ಟದ ಕಡೆ ನೋಡದಿದ್ದ ನಾನೇ.

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಬಹಳ ಕಾಲ ಹೇಳಿಕೊಂಡು ಬಂದಿದ್ದೇವೆ. ಸಾವಿರಾರು ವರ್ಷ ಸಾಗಿಬಂದ ಬೀಜದ ನಡಿಗೆ ನಿಲ್ಲಲು ಒಬ್ಬನ ಉದಾಸೀನ ಸಾಕು ಎಂಬುದು ನನಗೆ ತಿಳಿದದ್ದು ಈಗ.

ಉಳಿದ ಎರಡು ಹೀರೆಬಳ್ಳಿಗಳು ಈಗ ಚಪ್ಪರಕ್ಕೆ ಹಬ್ಬಿವೆ. ಹೋದ ವಾರ ಮೊಮ್ಮಗಳು ತುದಿಯಲ್ಲಿ ತೂಗುತ್ತಿದ್ದ ಉದ್ದನೆಯ ಕಾಯಿಗೆ ಕೈಹಾಕಿದಳು. "ಮುಟ್ಟಬೇಡ ಮಗು, ಅದು ಬೀಜಕ್ಕೆ" ಎಂದೆ. ಅವಳು ನನ್ನನ್ನು ಜಿಪುಣ ತಾತನೆಂಬಂತೆ ನೋಡಿ, ಪಕ್ಕದ ಎಳೆಯ ಕಾಯನ್ನು ಕಿತ್ತುಕೊಂಡು ಓಡಿದಳು. ನಾನು ದಾರ ಹುಡುಕಲು ಒಳಗೆ ಹೋದೆ.