ಉಂಡ ನಾಯಿಗೆ ನೋವಿಲ್ಲವೇ?

ನಾಯಿಮರಿಯ ನಾಲಗೆಯಡಿಯಿಂದ ‘ಹುಳು’ ತೆಗೆಯುವ ಪದ್ಧತಿಯೊಂದು ಯುರೋಪಿನಲ್ಲಿ ಶತಮಾನಗಳ ಕಾಲ ನಡೆದುಬಂತು. ನಾಯಿಯ ನಾಲಗೆಯ ಒಳಭಾಗದಲ್ಲಿ ಉದ್ದಕ್ಕೆ ಎಳೆಯಂಥ ಗಟ್ಟಿ ಅಂಗಾಂಶವೊಂದು ಹುಟ್ಟಿನಿಂದಲೇ ಇರುತ್ತದೆ. ಅದು ಹುಳು, ಮರಿಯಾಗಿದ್ದಾಗಲೇ ಕಿತ್ತುಹಾಕಿದರೆ ಮುಂದೆ ನಾಯಿಗೆ ಹುಚ್ಚು ಹಿಡಿಯದು ಎಂಬ ನಂಬಿಕೆಯನ್ನು ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಪ್ಲಿನಿ ಬರೆದಿಟ್ಟ. ಅದು ಹದಿನೆಂಟನೆಯ ಶತಮಾನದವರೆಗೂ ಬದುಕಿತ್ತು. 1755ರ ತಮ್ಮ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಏನನ್ನು ತೆಗೆಯುತ್ತಾರೋ ಯಾಕೆ ತೆಗೆಯುತ್ತಾರೋ ಯಾರಿಗೂ ಗೊತ್ತಿಲ್ಲ ಎಂಬ ಧಾಟಿಯಲ್ಲಿ ಇದನ್ನು ಲೇವಡಿ ಮಾಡಿದ್ದಾರೆ. ಪ್ರಾಣಿಯ ಬಾಯನ್ನು ಮನುಷ್ಯ ಬಿಡಿಸಿ ನೋಡಿದ್ದು ಬಹುಪಾಲು ತನ್ನ ಅನುಕೂಲಕ್ಕೇ. ನಮ್ಮ ದನದ ಜಾತ್ರೆಗಳಲ್ಲಿ ಎತ್ತಿನ ತುಟಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ನೋಡುವುದು ಬೆಲೆ ಕಟ್ಟುವುದಕ್ಕೆ. ಪಶುವೈದ್ಯವೂ ಬೆಲೆಯ ಹಿಂದೆಯೇ ನಡೆಯಿತು. ಕನ್ನಡದಲ್ಲಿ ಕೀರ್ತಿವರ್ಮನ ‘ಗೋವೈದ್ಯ’ ಹಸುವಿಗೆ, ಅಭಿನವಚಂದ್ರನ ‘ಅಶ್ವವೈದ್ಯ’ ಕುದುರೆಗೆ. 1760ರ ದಶಕದಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಕ್ಲೋದ್ ಬೂರ್ಜೆಲಾ ತೆರೆದ ಜಗತ್ತಿನ ಮೊದಲ ಪಶುವೈದ್ಯ ಶಾಲೆಯ ಗಮನವೂ ಕುದುರೆ, ದನಗಳ ಮೇಲೆಯೇ ಇತ್ತು.

ಹಾಗಾದರೆ ಹಲ್ಲು ಕೀಳಿಸಿಕೊಂಡ ನಾಯಿಗೆ ಮನೆಯಲ್ಲಿ ಹತ್ತು ದಿನ ಮೆತ್ತಗಿನ ಅನ್ನ, ಹೊತ್ತುಹೊತ್ತಿಗೆ ನೋವಿನ ಮಾತ್ರೆ, ಹೊಲಿಗೆ ನೋಡಲು ಮತ್ತೊಮ್ಮೆ ಆಸ್ಪತ್ರೆ ಎಂಬ ಈಗಿನ ಆರೈಕೆ ಎಲ್ಲಿಂದ ಬಂತು? ಹಿಂದಿನವರಿಗೆ ನಾಯಿಯ ಮೇಲೆ ಪ್ರೀತಿಯಿರಲಿಲ್ಲ, ಈಗಿನವರಿಗಿದೆ ಎಂಬುದು ಸುಲಭದ ಉತ್ತರ. ಆಗ ಔಷಧವಿರಲಿಲ್ಲ, ಈಗ ಇದೆ ಎಂಬುದು ಇನ್ನೂ ಸುಲಭದ್ದು. ಎರಡೂ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ತಡವಾದದ್ದು ಗುರುತು ಹಿಡಿಯುವುದರಲ್ಲಿ. ‘ಊಟ ಮಾಡುತ್ತಿದೆ, ಕೂಗುತ್ತಿಲ್ಲ, ಅಂದಮೇಲೆ ನೋವಿಲ್ಲ’ ಎಂಬ ಲೆಕ್ಕಾಚಾರ ಒಡೆಯರಲ್ಲೂ ವೈದ್ಯರಲ್ಲೂ ಗಟ್ಟಿಯಾಗಿ ಕುಳಿತಿತ್ತು. ಅದು ತಪ್ಪೆಂದು ತೀರ್ಮಾನವಾಗಿ ಇನ್ನೂ ಎರಡು ತಲೆಮಾರು ಕಳೆದಿಲ್ಲ.

ಪ್ರೀತಿಯ ಮಾತಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಸಾಕ್ಷಿ. ಕ್ರಿ.ಶ. 949–50ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಂದಿಗೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಇವತ್ತು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆರಗಿದ ಚಿತ್ರವಿದೆ. ಸತ್ತ ನಾಯಿಗೆ ಇಷ್ಟು ಗೌರವ ಕೊಟ್ಟ ಜನರಿಗೆ ಪ್ರೀತಿಯ ಕೊರತೆಯಿತ್ತು ಎಂದು ಯಾವ ಬಾಯಿಂದ ಹೇಳುವುದು? ಲಂಡನ್ನಿನ ಕಥೆಯೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ನಾಯಿಗಳ ಚಿಕಿತ್ಸೆಯನ್ನೇ ಕಸುಬಾಗಿ ಮಾಡಿಕೊಂಡ ಡೆಲಬೇರ್ ಬ್ಲೇನ್ ಮತ್ತು ವಿಲಿಯಂ ಯೂವಟ್ ಅವರಲ್ಲಿ ಯೂವಟ್, ಪ್ರಾಣಿಗಳಿಗೆ ಮನುಷ್ಯ ತೋರಬೇಕಾದ ದಯೆಯ ಬಗ್ಗೆಯೇ 1839ರಲ್ಲಿ ಪುಸ್ತಕ ಬರೆದವರು. ನಾಯಿಯ ಮೇಲಿನ ಅವರ ದೊಡ್ಡ ಗ್ರಂಥ ಬಂದದ್ದು 1845ರಲ್ಲಿ, ಅರಿವಳಿಕೆಯಾಗಿ ಈಥರ್ ಜಗತ್ತಿಗೆ ಪರಿಚಯವಾಗುವ ಒಂದು ವರ್ಷ ಮೊದಲು.

ಈಥರ್‌ನ ಕಥೆಯಲ್ಲಿ ಹಲ್ಲು, ನಾಯಿ ಎರಡೂ ಇವೆ. ಬಾಸ್ಟನ್ನಿನ ವಿಲಿಯಂ ಮಾರ್ಟನ್ ದಂತವೈದ್ಯ. ಅದನ್ನು ಆತ ತನ್ನ ಸಾಕುನಾಯಿಯ ಮೇಲೆ ಪ್ರಯೋಗಿಸಿ ನೋಡಿದ, 1846ರ ಸೆಪ್ಟೆಂಬರ್ 30ರಂದು ರೋಗಿಯೊಬ್ಬನ ಹಲ್ಲನ್ನು ನೋವಿಲ್ಲದೆ ಕಿತ್ತ, ಅಕ್ಟೋಬರ್ 16ರಂದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕರ ಎದುರು ತೋರಿಸಿ ಗೆದ್ದ. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಕ್ಲೋರೊಫಾರ್ಮ್ ತಂದರು. ನೋವಿಲ್ಲದ ಶಸ್ತ್ರಚಿಕಿತ್ಸೆಗೆ ದಾರಿ ತೆರೆದದ್ದು ಹಲ್ಲುನೋವು, ಮೊದಲು ಮೂಸಿ ನೋಡಿದ್ದು ನಾಯಿ. ಆದರೂ ನಾಯಿಯ ಪಾಲಿಗೆ ಅದರ ಲಾಭ ಬಂದದ್ದು ನಿಧಾನವಾಗಿ. ಇದಕ್ಕೆ ನ್ಯಾಯವಾದ ಕಾರಣವೂ ಇತ್ತೆನ್ನಿ. ಕ್ಲೋರೊಫಾರ್ಮ್ ಸ್ವಲ್ಪ ಹೆಚ್ಚಾದರೆ ನಾಯಿಯ ಹೃದಯವೇ ನಿಲ್ಲುತ್ತಿತ್ತು, ನೋವಿಗಿಂತ ಸಾವು ದೊಡ್ಡದು ಎಂದು ವೈದ್ಯರು ಹಿಂಜರಿದರೆ ತಪ್ಪೆನ್ನಲಾಗದು. ಲಂಡನ್ನಿನ ಪಶುವೈದ್ಯ ಫ್ರೆಡರಿಕ್ ಹಾಬ್ಡೇ ಸಾವಿರಾರು ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು, ಎಚ್ಚರದಿಂದ ಮಾಡಿದರೆ ಅಪಾಯ ಕಡಿಮೆ ಎಂದು ತೋರಿಸಿದ ಮೇಲೆ ಆ ಹೆದರಿಕೆ ಸಡಿಲವಾಯಿತು. 1919ರಲ್ಲಿ ಬ್ರಿಟನ್ ಕೆಲವು ಶಸ್ತ್ರಕ್ರಿಯೆಗಳಿಗೆ ಪ್ರಾಣಿಗೆ ಅರಿವಳಿಕೆ ಕೊಡಲೇಬೇಕೆಂದು ಕಾಯ್ದೆ ಮಾಡಿತು. ಆದರೆ ಕಾಯ್ದೆಯ ಕಾಳಜಿ ಕತ್ತಿ ಆಡುವ ಹೊತ್ತಿಗೆ ಸೀಮಿತವಾಗಿತ್ತು. ಎಚ್ಚರವಾದ ಮೇಲೆ ನಾಯಿಯ ಪಾಡು ನಾಯಿಗೆ.

ಬಾಯಿಯ ಶಸ್ತ್ರಚಿಕಿತ್ಸೆಗೆ ಇನ್ನೊಂದು ತೊಡಕಿತ್ತು: ಮಲಗಿಸಿದ ನಾಯಿಯ ಬಾಯಲ್ಲಿ ರಕ್ತ, ನೀರು, ಹಲ್ಲಿನ ಚೂರು ಎಲ್ಲ ಇರುತ್ತವೆ, ಪ್ರಜ್ಞೆ ತಪ್ಪಿದ ಪ್ರಾಣಿ ಕೆಮ್ಮಿ ಹೊರಹಾಕಲಾರದು, ಎಲ್ಲವೂ ಶ್ವಾಸಕೋಶಕ್ಕೆ ಇಳಿಯುತ್ತದೆ. ಪರಿಹಾರ ಹುಡುಕಿದ್ದು ಮನುಷ್ಯರ ವೈದ್ಯ, ತೋರಿಸಿಕೊಟ್ಟದ್ದು ಮತ್ತೆ ನಾಯಿ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಥರ್ ಗ್ಯೂಡೆಲ್, ಗಂಟಲಿನ ನಳಿಕೆಯ ಸುತ್ತ ಗಾಳಿ ತುಂಬಿ ಉಬ್ಬಿಸುವ ರಬ್ಬರ್ ಪಟ್ಟಿ ಕಟ್ಟಿದರೆ ಶ್ವಾಸನಾಳ ಪೂರ್ತಿ ಮುಚ್ಚಿಕೊಳ್ಳುತ್ತದೆ ಎಂದು ಸಾಧಿಸಬೇಕಿತ್ತು. ತನ್ನದೇ ನಾಯಿಗೆ ಅರಿವಳಿಕೆ ಕೊಟ್ಟು, ನಳಿಕೆ ಇಳಿಸಿ, ನೆರೆದ ವೈದ್ಯರ ಎದುರು ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ. ಹೊರತೆಗೆದ ಮೇಲೆ ನಾಯಿ ಎಚ್ಚರಗೊಂಡು ಮೈ ಕೊಡವಿಕೊಂಡಿತು. ‘ಏರ್‌ವೇ’ ಎಂದೇ ಅದಕ್ಕೆ ಹೆಸರು. ಇವತ್ತು ಹಲ್ಲಿನ ಚಿಕಿತ್ಸೆಗೆ ಮಲಗಿದ ನಾಯಿಯ ಗಂಟಲಲ್ಲಿ ಇರುವುದು ಅದೇ ಬಗೆಯ ನಳಿಕೆ.

ಔಷಧವೇ ಇರಲಿಲ್ಲವಲ್ಲ ಎನ್ನುವವರಿಗೆ ಉತ್ತರ: ಇತ್ತು. ಮಾರ್ಫಿನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಅಫೀಮಿನಿಂದ ಬೇರ್ಪಟ್ಟಿತ್ತು, ಚುಚ್ಚುವ ಸಿರಿಂಜ್ 1850ರ ದಶಕದಲ್ಲಿ ಬಂತು. 1860ರ ದಶಕದಲ್ಲಿ ಪ್ಯಾರಿಸ್ಸಿನ ಶರೀರಕ್ರಿಯಾ ವಿಜ್ಞಾನಿ ಕ್ಲೋದ್ ಬರ್ನಾರ್ಡ್ ನಾಯಿಗಳಿಗೆ ಕ್ಲೋರೊಫಾರ್ಮ್ ಜೊತೆ ಮಾರ್ಫಿನ್ ಕೊಡುತ್ತಿದ್ದರು, ಪಶುವೈದ್ಯರೂ ಮುಂದೆ ಅದನ್ನೇ ರೂಢಿ ಮಾಡಿಕೊಂಡರು. ಆದರೆ ಕೊಡುತ್ತಿದ್ದದ್ದು ಕತ್ತಿಗೆ ಮೊದಲು, ನಾಯಿ ಒದ್ದಾಡದಿರಲಿ ಎಂದು. ಆಮೇಲಿನ ನೋವಿಗೆ ಅದೇ ಸೀಸೆಯಿಂದ ಇನ್ನೊಂದು ಚುಚ್ಚುಮದ್ದು ಕೊಡಬಹುದಿತ್ತು, ಕೊಡಲಿಲ್ಲ. 1950ರ ದಶಕದಿಂದೀಚೆಗೆ ಮೈಮರೆಸಿ ಶಾಂತವಾಗಿಡುವ ಮದ್ದುಗಳು ಬಂದು ವಿಷಯ ಇನ್ನಷ್ಟು ಮಸುಕಾಯಿತು. ಏಸ್‌ಪ್ರೊಮಜೀನ್ ಕೊಟ್ಟ ನಾಯಿ ತೂಕಡಿಸುತ್ತ ಮಲಗುತ್ತದೆ, ಆದರೆ ಆ ಮದ್ದು ನೋವನ್ನು ಕಳೆಯುವುದಿಲ್ಲ. ಸುಮ್ಮನಿರುವುದೇ ಸುಖ ಎಂದು ನೋಡುವವರು ತಿಳಿದರು. ಇದರ ಮೇಲೆ ಇನ್ನೊಂದು ವಾದವೂ ಕೂಡಿಕೊಂಡಿತು: ಸ್ವಲ್ಪ ನೋವಿದ್ದರೆ ಒಳ್ಳೆಯದು, ನಾಯಿ ಕುಣಿದು ಹೊಲಿಗೆ ಹರಿದುಕೊಳ್ಳದೆ ಬಿದ್ದಿರುತ್ತದೆ. ಕೇಳಲು ಹಿತವಾದ ಈ ಮಾತು ಬಾಯಿಯ ಗಾಯಕ್ಕೆ ಅನ್ವಯಿಸುವುದೇ ಇಲ್ಲ. ನೋಯುವ ಒಸಡನ್ನು ನಾಯಿ ಸುಮ್ಮನೆ ಬಿಡುವುದಿಲ್ಲ, ಮುಂಗಾಲಿನಿಂದ ಉಜ್ಜುತ್ತದೆ, ನೆಲಕ್ಕೆ ತಿಕ್ಕುತ್ತದೆ.

ಊಟದ ಸಾಕ್ಷ್ಯ ಯಾಕೆ ಸಲ್ಲದು ಎನ್ನುವುದಕ್ಕೆ ನಾಯಿಯ ದವಡೆಯ ರಚನೆಯನ್ನೇ ನೋಡಬೇಕು. ದನದ ದವಡೆಯಂತೆ ಅದು ಅಡ್ಡಡ್ಡ ಅರೆಯುವುದಿಲ್ಲ. ಕತ್ತರಿಯಂತೆ ಮೇಲೆ ಕೆಳಗೆ ಆಡುತ್ತದೆ. ಕಚ್ಚಿ ಹರಿದು ನುಂಗುವುದು ಅದರ ರೀತಿ. ಅನ್ನ, ಮುದ್ದೆ, ಹಾಲಿನಂಥ ಮನೆಯೂಟಕ್ಕೆ ಹಲ್ಲಿನ ಅಗತ್ಯವೇ ಕಡಿಮೆ. ಬೆಳೆದ ನಾಯಿಯ 42 ಹಲ್ಲುಗಳಲ್ಲಿ ಕತ್ತರಿಯ ಕೆಲಸ ಮಾಡುವ ಮುಖ್ಯ ಹಲ್ಲು ಮೇಲ್ದವಡೆಯಲ್ಲಿ ಒಂದೊಂದು ಕಡೆಗೆ ಒಂದು. ಅದಕ್ಕೆ ಮೂರು ಬೇರು. ಮೂಳೆ ಕಡಿಯುವಾಗ ಸೀಳುವುದು ಹೆಚ್ಚಾಗಿ ಇದೇ. ಬೇರಿನ ತುದಿಯಲ್ಲಿ ಕೀವು ಕಟ್ಟಿದರೆ ಊತ ಕಾಣಿಸಿಕೊಳ್ಳುವುದು ಕಣ್ಣಿನ ಕೆಳಗೆ, ಅಲ್ಲಿಯೇ ಒಡೆದು ಸೋರುತ್ತದೆ. ಕಣ್ಣಿಗೆ ಏನೋ ಆಗಿದೆ ಎಂದು ಮುಲಾಮು ಹಚ್ಚುವವರು ಈಗಲೂ ಇದ್ದಾರೆ, ಯಾಕೆಂದರೆ ನಾಯಿ ತಟ್ಟೆ ಖಾಲಿ ಮಾಡುತ್ತಲೇ ಇರುತ್ತದೆ. ಅದನ್ನು ಕೀಳುವುದೂ ಇಕ್ಕಳ ಹಾಕಿ ಎಳೆದಂತಲ್ಲ. ಎಕ್ಸ್-ರೇ ತೆಗೆದು, ಒಸಡು ಬಿಡಿಸಿ, ಮೇಲಿನ ಎಲುಬನ್ನು ಕೊಂಚ ಕೊರೆದು, ಹಲ್ಲನ್ನು ಮೂರು ತುಂಡು ಮಾಡಿ ಒಂದೊಂದು ಬೇರನ್ನೂ ಬೇರೆಯಾಗಿ ಸಡಿಲಿಸಿ ತೆಗೆದು, ತಾನಾಗಿ ಕರಗುವ ದಾರದಿಂದ ಒಸಡನ್ನು ಹೊಲಿಯಬೇಕು. ಮನುಷ್ಯರಿಗೆ ಬುದ್ಧಿಹಲ್ಲು ತೆಗೆದಷ್ಟೇ ದೊಡ್ಡ ಗಾಯ.

ಉಂಡರೆ ನೋವಿಲ್ಲ ಎಂಬ ಲೆಕ್ಕಾಚಾರ ಬುಡಮೇಲಾಗಲು 1980ರ ದಶಕ ಬರಬೇಕಾಯಿತು. ಮೊದಲ ಏಟು ಪ್ರಯೋಗಾಲಯದಿಂದ. 1983ರಲ್ಲಿ ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್, ಗಾಯದ ನೋವು ಗಾಯದಲ್ಲಷ್ಟೇ ಇರುವುದಿಲ್ಲ, ಬೆನ್ನುಹುರಿಯ ನರಗಳೇ ಕೆರಳಿ ಉಳಿಯುತ್ತವೆ ಎಂದು ತೋರಿಸಿದರು. ಎರಡನೆಯದು ಕಾನೂನಿನಿಂದ. ಕೊಲೊರಾಡೊದ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಬರ್ನಾರ್ಡ್ ರಾಲಿನ್ ಮುಂತಾದವರ ಒತ್ತಾಯದಿಂದ ಅಮೆರಿಕ 1985ರಲ್ಲಿ ಪ್ರಯೋಗಪ್ರಾಣಿಗಳಿಗೆ ನೋವು ನಿವಾರಕವನ್ನೂ ಶಸ್ತ್ರಕ್ರಿಯೆಯ ನಂತರದ ಆರೈಕೆಯನ್ನೂ ಕಡ್ಡಾಯ ಮಾಡಿತು. ವಿಚಿತ್ರ ನೋಡಿ, ಪ್ರಯೋಗಾಲಯದ ನಾಯಿಗೆ ಕಾನೂನು ಕೊಟ್ಟ ಈ ಹಕ್ಕು ಸೋಫಾದ ಮೇಲೆ ಮಲಗುವ ನಾಯಿಗೆ ಆಗ ಇರಲಿಲ್ಲ. ಮೂರನೆಯದು ಮನುಷ್ಯರ ಆಸ್ಪತ್ರೆಯಿಂದ. ಹಸುಗೂಸುಗಳಿಗೆ ನೋವು ತಿಳಿಯದು ಎಂದು ಅತ್ಯಲ್ಪ ಅರಿವಳಿಕೆಯಲ್ಲೇ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದ ಕಾಲದಲ್ಲಿ, ಭಾರತೀಯ ಮೂಲದ ಕೆ.ಜೆ.ಎಸ್. ಆನಂದ್ 1987ರಲ್ಲಿ, ಸರಿಯಾಗಿ ನೋವು ತಡೆದ ಕೂಸುಗಳೇ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಎಂದು ಸಾಧಿಸಿದರು. ಮಾತು ಬಾರದವರ ನೋವನ್ನು ಲೆಕ್ಕಕ್ಕಿಡದ ಅಭ್ಯಾಸ ಪಶುವೈದ್ಯರೊಬ್ಬರದೇ ಆಗಿರಲಿಲ್ಲ. ಆದರೂ 1996ರಲ್ಲಿ ಪ್ರಕಟವಾದ ಕೆನಡಾದ ಸಮೀಕ್ಷೆಯೊಂದರಲ್ಲಿ ಸುಮಾರು ಅರ್ಧದಷ್ಟು ಪಶುವೈದ್ಯರು ಶಸ್ತ್ರಚಿಕಿತ್ಸೆಯ ನಂತರ ನಾಯಿ, ಬೆಕ್ಕುಗಳಿಗೆ ನೋವಿನ ಮದ್ದು ಕೊಡುತ್ತಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ನಾಯಿಗೆಂದೇ ಕಾರ್ಪ್ರೊಫೆನ್ ಮಾತ್ರೆಗೆ ಅನುಮತಿ ಸಿಕ್ಕಿತು, ಮನೆಯಲ್ಲೇ ಕೊಡಬಹುದಾದ ಮದ್ದು ಒಡೆಯರ ಕೈಗೆ ಬಂತು. ಗ್ಲಾಸ್ಗೋ ವಿಶ್ವವಿದ್ಯಾಲಯದವರು 2001ರಲ್ಲಿ ನಾಯಿಯ ನೋವನ್ನು ಅಳೆಯುವ ಮಾಪಕ ರೂಪಿಸಿ, 2007ರಲ್ಲಿ ಅದನ್ನು ಚಿಕ್ಕದು ಮಾಡಿದರು. ಕೂಗು, ಗಾಯದ ಕಡೆ ಗಮನ, ನಡಿಗೆ, ಮುಟ್ಟಿದಾಗಿನ ವರ್ತನೆ, ಒಟ್ಟಾರೆ ಮನಸ್ಥಿತಿ, ಕೂತು ಮಲಗುವ ಭಂಗಿ: ಹೀಗೆ ಆರು ಬಾಬತ್ತು. ಊಟ ಮಾಡಿತೇ ಎಂಬ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ.

ತೋಳ, ಕಾಡುನಾಯಿಗಳಿಗೆ ಯಾವ ದಂತವೈದ್ಯರಿದ್ದರು ಎಂದು ಕೇಳುವವರಿದ್ದಾರೆ. ಕಾಡಿನ ಮಾಂಸಾಹಾರಿಗಳ ತಲೆಬುರುಡೆಗಳನ್ನು ಪರೀಕ್ಷಿಸಿದ ಬ್ಲೇರ್ ವ್ಯಾನ್ ವಾಲ್ಕೆನ್‌ಬರ್ಗ್ 1988ರಲ್ಲಿ ಕಂಡುಕೊಂಡದ್ದು, ಸುಮಾರು ನಾಲ್ಕರಲ್ಲಿ ಒಂದು ಪ್ರಾಣಿಗೆ ಹಲ್ಲು ಮುರಿದಿತ್ತು ಎಂದು. ಕಾಡಿನಲ್ಲಿ ಹಲ್ಲುನೋವು ಇಲ್ಲವೆಂದಲ್ಲ, ಅದನ್ನು ಹೊತ್ತುಕೊಂಡೇ ಬದುಕಿ ಬೇಗ ಸಾಯುತ್ತವೆ. ಬೀದಿನಾಯಿಗೆ ರೇಬಿಸ್ ಲಸಿಕೆಯೇ ಪೂರ್ತಿ ತಲುಪದ ನಾಡಿನಲ್ಲಿ ಇದೆಲ್ಲ ಶ್ರೀಮಂತರ ಶೋಕಿ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಎಕ್ಸ್-ರೇ, ಅರಿವಳಿಕೆ ಸೇರಿದರೆ ಖರ್ಚು ಸಣ್ಣದಲ್ಲ, ಸಾರ್ವಜನಿಕ ಹಣದ ಮೊದಲ ಹಕ್ಕು ಲಸಿಕೆಗೇ. ಆದರೆ ಈ ಇತಿಹಾಸದಲ್ಲಿ ತಡವಾದದ್ದು ದುಬಾರಿ ಭಾಗವಲ್ಲ. ಶಸ್ತ್ರಚಿಕಿತ್ಸೆಗೆ ದುಡ್ಡು ಕೊಟ್ಟವರೇ ನಂತರದ ಅಗ್ಗದ ಮಾತ್ರೆಯನ್ನು ಬಿಟ್ಟುಬಿಡುತ್ತಿದ್ದರು.

ಆ ಅಭ್ಯಾಸ ಇಂದಿಗೂ ಪೂರ್ತಿ ಹೋಗಿಲ್ಲ. ಹಲ್ಲು ಕೀಳುವಾಗ ಒಸಡಿಗೆ ಕೊಟ್ಟ ಬ್ಯೂಪಿವಕೇನ್ ಚುಚ್ಚುಮದ್ದಿನ ಮರಗಟ್ಟುವಿಕೆ ಇರುವುದು ಕೆಲವೇ ಗಂಟೆ. ಮೊದಲ ರಾತ್ರಿ ಜೊಲ್ಲಿನಲ್ಲಿ ರಕ್ತದ ಎಳೆ ಕಂಡರೆ ಗಾಬರಿ ಬೇಡ, ರಕ್ತ ಸುರಿಯುತ್ತಲೇ ಇದ್ದರೆ ವೈದ್ಯರಿಗೆ ತಿಳಿಸಬೇಕು. ಸುಮಾರು ಎರಡು ವಾರ ಮೂಳೆ, ಗಟ್ಟಿ ಬಿಸ್ಕತ್ತು, ಹಗ್ಗ ಎಳೆದಾಡುವ ಆಟ ಬೇಡ. ಮನೆಯಲ್ಲಿರುವ ಐಬುಪ್ರೊಫೆನ್‌ನಂಥ ಮನುಷ್ಯರ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ, ಅದನ್ನು ಕೊಡಲೇಬಾರದು. ಮರುದಿನವೇ ನಾಯಿ ತಟ್ಟೆ ನೆಕ್ಕಿ ಬಾಲ ಆಡಿಸಿದರೂ, ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಅವರು ಹೇಳಿದ ಕೊನೆಯ ದಿನದವರೆಗೂ ಕೊಡಿ.